ದುಬೈ ಕೆಲಸ: ಬಿಕಾಂ ಮುಗಿಸಿದವನಿಗೆ ಸಿಗುತ್ತಿರುವ ಸಲಹೆಗಳಲ್ಲಿ ಯಾವುದನ್ನು ಕಿವಿಗೆ ಹಾಕಿಕೊಳ್ಳಬಾರದು?

ಬ್ರಹ್ಮಾವರದ ಬಿಕಾಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 2025ರಲ್ಲಿ ಉಡುಪಿಯಲ್ಲಿ ಬಿಕಾಂ ಮುಗಿಸಿದೆ. ಈಗ ಇಲ್ಲೇ ಒಂದು ಸಿಎ ಆಫೀಸಿನಲ್ಲಿ ಕೆಲಸ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಇ-ಇನ್‌ವಾಯ್ಸ್, ಇ-ವೇ ಬಿಲ್, ದಿನವಿಡೀ ಇದೇ. ಸಂಬಳ 16,000. ದುಬೈ ಕಡೆ ಪ್ರಯತ್ನ ಮಾಡಬೇಕು ಅಂತಿದ್ದೇನೆ. ಬಾಯಿ ಬಿಟ್ಟದ್ದೇ ತಡ, ಸಲಹೆ ಕೊಡುವವರು ಸಾಲುಗಟ್ಟಿ ಬಂದರು.

ಶಾರ್ಜಾದಲ್ಲಿರುವ ಮಾವ: "ಜೂನ್‌ನಲ್ಲಿ ವಿಸಿಟ್ ವೀಸಾದಲ್ಲಿ ಬಂದುಬಿಡು. ಇಲ್ಲಿಗೆ ಬಂದರೆ ಹೇಗೋ ಆಗುತ್ತದೆ."

ಮಂಗಳೂರಿನ ಒಂದು ಕನ್ಸಲ್ಟೆನ್ಸಿ: 85,000 ರೂಪಾಯಿ. ಅರ್ಧ ಈಗ, ಅರ್ಧ ವೀಸಾ ಬಂದ ಮೇಲೆ. ಕೆಲಸ ಗ್ಯಾರಂಟಿಯಂತೆ.

ಕ್ಲಾಸ್‌ಮೇಟ್: "ಸಿವಿಯಲ್ಲಿ ಎರಡು ವರ್ಷ ಜಾಸ್ತಿ ಅನುಭವ ಹಾಕು. ಗಲ್ಫ್‌ನಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ?"

ಅಪ್ಪನ ಸ್ನೇಹಿತರು: "ಯಾವ ಕೆಲಸ ಆದರೂ ಹಿಡಿ, ಒಳಗೆ ಹೋದ ಮೇಲೆ ಬದಲಾಯಿಸಿದರಾಯಿತು. ಸಂಬಳದ ವಿಷಯ ಮಾತ್ರ ಎತ್ತಬೇಡ."

ಅಮ್ಮ ಬಳೆ ಅಡವಿಡಲು ತಯಾರಾಗಿ ಕೂತಿದ್ದಾರೆ. ಅಲ್ಲಿ ಇರುವವರು ದಯವಿಟ್ಟು ಹೇಳಿ, ಇದರಲ್ಲಿ ಯಾವುದನ್ನು ನಂಬಬೇಕು?

ದೇರಾ ಲೆಕ್ಕಿಗ:

ತಮ್ಮಾ, ಇಷ್ಟು ಜನ ಸಲಹೆ ಕೊಟ್ಟರಲ್ಲ, ಇದರಲ್ಲಿ ಒಬ್ಬರ ಜೇಬಿನಿಂದಲಾದರೂ ಒಂದು ರೂಪಾಯಿ ಹೋಗುತ್ತದಾ? ಹೋಗುವುದು ಅಮ್ಮನ ಬಳೆ. ಸಿಕ್ಕಿಬಿದ್ದರೆ ಸಿಕ್ಕಿಬೀಳುವವನೂ ನೀನೇ. ಯಾರೇ ಸಲಹೆ ಕೊಡಲಿ, ನಾನು ಮೊದಲು ನೋಡುವುದು ಇದನ್ನೇ: ಖರ್ಚು ಯಾರದು, ಎಡವಟ್ಟಾದರೆ ತಲೆ ಕೊಡುವವನು ಯಾರು? ಈ ಲೆಕ್ಕ ಹಾಕಿದರೆ ನಿನ್ನ ಪಟ್ಟಿಯಲ್ಲಿ ಮುಕ್ಕಾಲು ಭಾಗ ತಾನಾಗಿ ಉದುರಿಹೋಗುತ್ತದೆ.

ನಾನು ಬೈಂದೂರಿನವನು. ದುಬೈಯ ದೇರಾದಲ್ಲಿ ಕಟ್ಟಡ ಸಾಮಾನು ಮಾರುವ ಕಂಪನಿಯೊಂದರ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಜೂನಿಯರ್ ಅಕೌಂಟೆಂಟ್ ತೆಗೆದುಕೊಳ್ಳುವಾಗ ಇಂಟರ್‌ವ್ಯೂಗೆ ನಾನೂ ಕೂರುತ್ತೇನೆ. ಹಾಗಾಗಿ ನೀನು ಬರೆದ ಸಲಹೆಗಳನ್ನೆಲ್ಲ ಕೇಳಿಕೊಂಡು ಬಂದ ಹುಡುಗರನ್ನು ಮೇಜಿನ ಈಚೆ ಕಡೆಯಿಂದ ನೋಡಿದ್ದೇನೆ.

85,000ದ ಮಾತನ್ನು ಇವತ್ತೇ ಬಿಡು. ಇಲ್ಲಿನ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ನಂಬರಿನದು, 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಎಂದು ಅದರಲ್ಲಿದೆ. ನೇರವಾಗಿಯೂ ಇಲ್ಲ, ಸುತ್ತಿ ಬಳಸಿಯೂ ಇಲ್ಲ. ವೀಸಾ ಖರ್ಚು ಕಂಪನಿಯದ್ದು. ಊರಿನ ಕಡೆ ನೋಡಿದರೆ 1983ರ ವಲಸೆ ಕಾಯ್ದೆ ಇದೆ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಇದ್ದವನೂ ನಿನ್ನಿಂದ 30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಮುಟ್ಟುವಂತಿಲ್ಲ. 18% ಸೇರಿಸು, 35,400 ಆಯಿತು. ಉಳಿದ 49,600 ಯಾವ ಬಾಬ್ತು ಅಂತ ಕೇಳು. ನೀನೇ ಜಿಎಸ್‌ಟಿ ಮಾಡುವವನು ಮಾರಾಯಾ, ಒಂದು ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ ಅನ್ನು, ಮುಖ ಹೇಗಾಗುತ್ತದೆ ನೋಡು. "ಟ್ರೇನಿಂಗ್ ಫೀಸ್", "ಡಾಕ್ಯುಮೆಂಟೇಶನ್" ಅಂತ ಬೇರೆ ಹೆಸರು ಹೇಳುತ್ತಾರೆ. ಇ-ಮೈಗ್ರೇಟ್ ಅನ್ನುವ ಭಾರತ ಸರ್ಕಾರದ ಸೈಟಿನಲ್ಲಿ ನೋಂದಣಿ ಇರುವ ಏಜೆಂಟರ ಪಟ್ಟಿ ಇದೆ. ಅವರ ಹೆಸರು ಅಲ್ಲಿದೆಯಾ ನೋಡು. ಇಲ್ಲದಿದ್ದರೆ ಮಾತು ಮುಗಿಯಿತು.

ಈಗ ವಿಸಿಟ್ ವೀಸಾ. ಮಾವ ಕೆಟ್ಟದ್ದು ಹೇಳಿದ್ದಲ್ಲ, ಅವರ ಕಾಲದಲ್ಲಿ ಎಲ್ಲರೂ ಹಾಗೇ ಬಂದರು. ಬಂದು ಇಂಟರ್‌ವ್ಯೂ ಕೊಡಬಹುದು. ಕೆಲಸ ಮಾಡುವ ಹಾಗಿಲ್ಲ. ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಣ್ಣ ಕಂಪನಿಯವನು, "ಒಂದು ತಿಂಗಳು ಟ್ರಯಲ್ ಕೂತುಕೋ, ಸರಿ ಅನಿಸಿದರೆ ವೀಸಾ ಹಾಕುತ್ತೇವೆ" ಅನ್ನುತ್ತಾನೆ. ವೀಸಾದ ದಿನ ಮುಗಿಯುತ್ತಾ ಬಂದಿರುತ್ತದೆ, ಹುಡುಗ ಹೂಂ ಅನ್ನುತ್ತಾನೆ.

ನಮ್ಮ ಬಿಲ್ಡಿಂಗಿನಲ್ಲೇ ಕಂಡದ್ದು ಹೇಳುತ್ತೇನೆ. ಕಾರ್ಕಳ ಕಡೆಯ ಹುಡುಗ, ಚುರುಕು. ಕೆಳಗಿನ ಮಹಡಿಯ ಒಂದು ಆಫೀಸಿನಲ್ಲಿ ಹೀಗೇ ಟ್ರಯಲ್ ಕೂತಿದ್ದ. ಅವರದ್ದು ಮೂರು ತಿಂಗಳ ವ್ಯಾಟ್ (ನಮ್ಮ ಜಿಎಸ್‌ಟಿ ತರಹದ ಇಲ್ಲಿನ ತೆರಿಗೆ) ಲೆಕ್ಕ ಪೂರ್ತಿ ಬಾಕಿ. ಪರ್ಚೇಸ್ ಬಿಲ್ ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಅರ್ಧ ಬಿಲ್ಲುಗಳ ಮೇಲೆ ಟಿಆರ್‌ಎನ್ (ವ್ಯಾಟ್ ನೋಂದಣಿ) ನಂಬರೇ ಇಲ್ಲ. ರಾತ್ರಿ ಒಂಬತ್ತರವರೆಗೆ ಕೂತು ಎಲ್ಲ ಸರಿ ಮಾಡಿದ. ಇಲ್ಲಿ ಅವಧಿ ಮುಗಿದ ಮುಂದಿನ ತಿಂಗಳ 28ಕ್ಕೆ ರಿಟರ್ನ್ ಹೋಗಬೇಕು. 28ಕ್ಕೆ ಹೋಯಿತು. 29ಕ್ಕೆ ಇವನಿಗೆ, "ಸದ್ಯಕ್ಕೆ ಸಾಕು, ನೋಡಿ ಫೋನ್ ಮಾಡುತ್ತೇವೆ." ಒಂದು ದಿರ್ಹಮ್ ಕೊಟ್ಟಿಲ್ಲ. ದೂರು ಕೊಡೋಣ ಅಂದರೆ ತಾನೂ ಪರ್ಮಿಟ್ ಇಲ್ಲದೆ ದುಡಿದವನು ಅನ್ನುವ ಹೆದರಿಕೆ. 2024ರ ಆಗಸ್ಟ್ ಕೊನೆಯಿಂದ ಹೀಗೆ ಪರ್ಮಿಟ್ ಇಲ್ಲದವರನ್ನು ದುಡಿಸುವ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಆದರೂ ಮಾಡುವವರು ಮಾಡುತ್ತಾರೆ. ಹುಡುಗ ಬಾಯಿ ಬಿಡುವುದಿಲ್ಲ ಅಂತ ಅವರಿಗೆ ಗೊತ್ತು.

ಕೆಲಸ ಹುಡುಕಲಿಕ್ಕೆಂದೇ ಇರುವ ವೀಸಾವೂ ಇದೆ, 60, 90, 120 ದಿನದ್ದು. ಆದರೆ ಹೊಸ ಪದವೀಧರರು ಅದಕ್ಕೆ ಹಾಕಬೇಕಾದರೆ ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಲ್ಲಿ ಓದಿರಬೇಕು ಎಂಬ ಷರತ್ತು ಉಂಟು. ನಮ್ಮ ಕಡೆಯ ಡಿಗ್ರಿಗೆ ಅದು ಕಷ್ಟ.

ಇನ್ನು ಜೂನ್! ಮಾವನಿಗೆ ಇದನ್ನು ಮಾತ್ರ ಹೇಗೆ ಹೇಳಬೇಕೆಂದು ತಿಳಿಯುತ್ತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಓನರ್ ರಜೆ, ಮ್ಯಾನೇಜರ್ ರಜೆ, ಸೆಕೆ ತಡೆಯಲಾಗದೆ ಅರ್ಧ ಊರೇ ಹೊರಗೆ. ಯಾರಿಗೆ ಸಿವಿ ಕೊಡುತ್ತೀಯಾ? ಸೆಪ್ಟೆಂಬರ್ ಅರ್ಧದಿಂದ ನವೆಂಬರ್‌ವರೆಗೆ ಒಳ್ಳೆಯ ಸಮಯ, ಜನವರಿಯೂ ಪರವಾಗಿಲ್ಲ. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆ, ಆಗ ಹೊಸಬರನ್ನು ತೆಗೆದುಕೊಳ್ಳುವ ವಿಚಾರ ಮುಂದಕ್ಕೆ ಹೋಗುತ್ತದೆ.

ಸಿವಿಯಲ್ಲಿ ಎರಡು ವರ್ಷ ಸೇರಿಸುವ ವಿಷಯ. ಊರಿನಲ್ಲಿ ಜಿಎಸ್‌ಟಿ ಮಾಡಿದ್ದೇನೆ ಎಂದು ಬರೆದವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ತಿಂಗಳ 11ನೇ ತಾರೀಕು ಆಫೀಸಿನಲ್ಲಿ ಏನು ನಡೆಯುತ್ತದೆ?" ಮಾಡಿದವನು ಯೋಚನೆಯೇ ಮಾಡದೆ ಜಿಎಸ್‌ಟಿಆರ್-1 (ತಿಂಗಳ ಮಾರಾಟದ ರಿಟರ್ನ್, ಅವತ್ತೇ ಕೊನೆಯ ದಿನ) ಅನ್ನುತ್ತಾನೆ, ಪೋರ್ಟಲ್ ಹ್ಯಾಂಗ್ ಆಗುವ ಕಥೆಯನ್ನೂ ಹೇಳುತ್ತಾನೆ. ಮೂರು ವರ್ಷ ಅನುಭವ ಅಂತ ಬರೆದುಕೊಂಡು ಬಂದ ಒಬ್ಬ, "ಸಂಬಳ ಹಾಕ್ತೇವೆ ಸರ್" ಅಂದ. ಪಕ್ಕದಲ್ಲಿ ಕೂತಿದ್ದ ನಮ್ಮ ಆಡಿಟರ್ ಮಂಗಳೂರಿನವರು, ನಗು ತಡೆಯಲು ನೀರಿನ ಲೋಟ ಎತ್ತಿದರು. ಗಲ್ಫ್‌ನಲ್ಲಿ ಯಾರೂ ನೋಡುವುದಿಲ್ಲ ಅನ್ನುವವರಿಗೆ ಒಂದು ಮಾತು: ಇಲ್ಲಿ ಅಕೌಂಟ್ಸ್‌ನಲ್ಲಿ ಕೂತವರು ಅರ್ಧಕ್ಕರ್ಧ ನಮ್ಮ ಕರಾವಳಿಯವರು, ಕೇರಳದವರು. ನಿನ್ನ ಸಿಎ ಆಫೀಸಿಗೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು? ಪಿಎಫ್ ಇದ್ದರೆ ಅದರ ದಾಖಲೆಯೇ ಸೇರಿದ ತಾರೀಕು, ಬಿಟ್ಟ ತಾರೀಕು ಹೇಳುತ್ತದೆ.

ಇದರಲ್ಲಿ ಬೇಸರದ ಸಂಗತಿ ಏನೆಂದರೆ, ನಿನಗೆ ಸುಳ್ಳಿನ ಅಗತ್ಯವೇ ಇಲ್ಲ. ಯುಎಇಯಲ್ಲಿ ವ್ಯಾಟ್ ಬಂದದ್ದು 2018ರ ಜನವರಿಯಲ್ಲಿ, 5%. 2023ರ ಜೂನ್‌ನಿಂದ ಕಾರ್ಪೊರೇಟ್ ಟ್ಯಾಕ್ಸ್, 3,75,000 ದಿರ್ಹಮ್ ದಾಟಿದ ಲಾಭಕ್ಕೆ 9%. ಈಗ ಇ-ಇನ್‌ವಾಯ್ಸ್ ಕೂಡ ತರುತ್ತಿದ್ದಾರೆ. ಊರಿನಲ್ಲಿ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ ಶುರುವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ವಹಿವಾಟಿನವರಿಗೂ ಬಂತು. ಅಂದರೆ ಇಲ್ಲಿನ ಹಳೆಯ ಅಕೌಂಟೆಂಟುಗಳು ಇನ್ನು ಕಲಿಯಬೇಕಾದ್ದನ್ನು ನೀನು ದಿನಾ ಮಾಡುತ್ತಿದ್ದೀಯಾ. ಸಿವಿಯ ಮೊದಲ ಮೂರು ಸಾಲಿನಲ್ಲಿ ಇದು ಕಾಣಬೇಕು: ತಿಂಗಳಿಗೆ ಸುಮಾರು ಎಷ್ಟು ಇನ್‌ವಾಯ್ಸ್, ಎಷ್ಟು ಕ್ಲೈಂಟ್, ತಪ್ಪು ಬಂದರೆ ಹೇಗೆ ಸರಿ ಮಾಡುತ್ತೀಯಾ. "ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್" ಎಲ್ಲ ತೆಗೆದುಹಾಕು. ಬಿಡುವಿದ್ದಾಗ ಯುಎಇ ವ್ಯಾಟ್ ಓದಿಕೋ. ಜಿಎಸ್‌ಟಿ ಗೊತ್ತಿದ್ದವನಿಗೆ ಅದು ಕಷ್ಟವೇ ಅಲ್ಲ.

ಸಂಬಳ ಎತ್ತಬೇಡ ಅಂದರಲ್ಲ, ಅದಂತೂ ಶುದ್ಧ ತಪ್ಪು. ಎಷ್ಟು ಅನ್ನುವುದಕ್ಕಿಂತ ಅದನ್ನು ಹೇಗೆ ಒಡೆದಿದ್ದಾರೆ ಎಂದು ಕೇಳಬೇಕು. ಒಟ್ಟು 4,000 ದಿರ್ಹಮ್ ಅಂದುಕೊಳ್ಳೋಣ. ಒಂದು ಕಂಪನಿ ಬೇಸಿಕ್ 1,600 ಬರೆದು ಉಳಿದದ್ದನ್ನು ಅಲೋವೆನ್ಸ್ ಅನ್ನುತ್ತದೆ. ಇನ್ನೊಂದು ಬೇಸಿಕ್ 2,400 ಬರೆಯುತ್ತದೆ. ಕೈಗೆ ಬರುವುದು ಎರಡರಲ್ಲೂ ಒಂದೇ. ಬಿಟ್ಟು ಹೋಗುವಾಗಿನ ಗ್ರಾಚ್ಯುಟಿ ಮಾತ್ರ ಬೇಸಿಕ್ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಮೂರು ವರ್ಷಕ್ಕೆ ಮೊದಲನೆಯದರಲ್ಲಿ 3,360, ಎರಡನೆಯದರಲ್ಲಿ 5,040. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಅಕೌಂಟೆಂಟ್ ಆಗಲು ಬಂದವನು ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದಿದ್ದರೆ ನಾನಂತೂ ಒಂದು ಮಾರ್ಕ್ ಕಳೆಯುತ್ತೇನೆ.

ಹಾಗೆಯೇ ಒಂದು ದಿರ್ಹಮ್‌ಗೆ 24 ರೂಪಾಯಿ ಅಂತ ಹಿಡಿದು ಸಂಬಳವನ್ನು ಗುಣಿಸಿ ಖುಷಿಪಡಬೇಡ. 3,000 ದಿರ್ಹಮ್ ಅಂದರೆ 72,000 ರೂಪಾಯಿ, ಅಮ್ಮನಿಗೆ ಹೇಳಲು ಚಂದ. ಬೆಡ್‌ಸ್ಪೇಸ್ (ಹಲವರಿರುವ ರೂಮಿನಲ್ಲಿ ಒಂದು ಮಂಚ) 800, ಊಟಕ್ಕೆ 700, ಎಲ್ಲ ವಲಯಕ್ಕೂ ಮೆಟ್ರೋ-ಬಸ್ ಪಾಸ್ 350, ಫೋನ್ 100 ಅಂತ ಹಿಡಿ. ಉಳಿದದ್ದು 1,050. ಈಗ ಗುಣಿಸು.

ಯಾವ ಕೆಲಸ ಆದರೂ ಹಿಡಿ ಅನ್ನುವುದರ ಬಗ್ಗೆ ಚಿಕ್ಕದಾಗಿ: ಪ್ರೊಬೇಷನ್, ಅಂದರೆ ಮೊದಲಿನ ಪರೀಕ್ಷಾ ಅವಧಿ, ಆರು ತಿಂಗಳವರೆಗೆ ಇರಬಹುದು. ಅದರೊಳಗೆ ಇಲ್ಲೇ ಬೇರೆ ಕಂಪನಿಗೆ ಹಾರಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಹಳೆಯ ಕಂಪನಿ ನಿನಗೆ ಮಾಡಿದ ಖರ್ಚನ್ನು ಹೊಸ ಕಂಪನಿ ಕಟ್ಟಿಕೊಡಬೇಕು. ಫ್ರೆಶರ್‌ಗೋಸ್ಕರ ಯಾರು ಕಟ್ಟುತ್ತಾರೆ ಹೇಳು? ನೋಟಿಸ್ ಕೊಡದೆ ಊರಿಗೆ ಓಡಿದರೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಇಲ್ಲ.

ಬಜ್ಪೆಯಿಂದ ಬರ್‌ದುಬೈ:

ಲೆಕ್ಕಿಗರೇ, ನೀವು ಹುಡುಗನನ್ನು ಸ್ವಲ್ಪ ಜಾಸ್ತಿಯೇ ಹೆದರಿಸಿದಿರಿ. ನಾನು ಬಂದದ್ದು ವಿಸಿಟ್‌ನಲ್ಲೇ, 2014ರಲ್ಲಿ. ಕರಾಮಾದಲ್ಲಿ ಬೆಡ್‌ಸ್ಪೇಸ್, ದಿನಾ ಪೇಪರ್ ನೋಡಿ ವಾಕ್-ಇನ್‌ಗೆ ಹೋಗುವುದು. ಕೆಲಸ ಸಿಕ್ಕಿತು, ಈಗಲೂ ಅದೇ ಕಂಪನಿ. ಎದುರಿಗೆ ಬಂದು ನಿಂತವನಿಗೆ ಸಿಗುವಷ್ಟು ಬೇಗ, ಊರಲ್ಲಿ ಕೂತು ಮೇಲ್ ಹಾಕಿದವನಿಗೆ ಸಿಗುವುದಿಲ್ಲ. ಇದು ಸತ್ಯ ಅಲ್ವಾ?

ದೇರಾ ಲೆಕ್ಕಿಗ:

ಅದು ಸತ್ಯವೇ ಮಾರಾಯ್ರೆ, ಎದುರಿಗೆ ಇದ್ದವನಿಗೆ ಅನುಕೂಲ ಇದೆ. ಬರಬೇಡ ಅಂತ ನಾನೂ ಹೇಳಿಲ್ಲ. ಆದರೆ ಕೆಲಸ ಸಿಗದೆ ವಾಪಸ್ ಹೋದವರು ಇಲ್ಲಿಗೆ ಬಂದು ಬರೆಯುವುದಿಲ್ಲ, ಬರೆಯುವವರು ನೀವು ನಾನು ಮಾತ್ರ. ಬರುವುದಾದರೆ ನಾಲ್ಕೈದು ಇಂಟರ್‌ವ್ಯೂ ಮೊದಲೇ ಗೊತ್ತು ಮಾಡಿಕೊಂಡು ಬರಲಿ, ವಾಪಸ್ ಟಿಕೆಟ್ ಕೈಯಲ್ಲಿರಲಿ, ಬಳೆಯ ದುಡ್ಡಿನಲ್ಲಿ ಬೇಡ. ವೀಸಾ ದಿನ ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. "ಇನ್ನೊಂದು ವಾರ ನೋಡೋಣ" ಅನ್ನುವ ಆಸೆಗೆ ಅದು ಸೇರಿಕೊಂಡರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಶಾರ್ಜಾ ಎಚ್‌ಆರ್ ಅಕ್ಕ:

ಇಬ್ಬರೂ ಕಾಗದಪತ್ರದ ಮಾತೇ ಎತ್ತಲಿಲ್ಲ! ನನ್ನ ಟೇಬಲ್ ಮೇಲೆ ಕೆಲಸ ನಿಲ್ಲುವುದೇ ಅಲ್ಲಿ.

"ಡಿಗ್ರಿ ಅಟೆಸ್ಟೇಶನ್ ಅಲ್ಲಿ ಹೋದ ಮೇಲೆ ಮಾಡಿಸಿದರಾಯಿತು" ಅನ್ನುವ ಸಲಹೆ ನಿನಗೂ ಬಂದೇ ಬರುತ್ತದೆ. ಕೇಳಬೇಡ. ಮೂಲ ಸರ್ಟಿಫಿಕೇಟ್ ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ಮುದ್ರೆ ಹೊಡೆಸಿಕೊಂಡು ಬರಬೇಕು. ಇಲ್ಲಿಗೆ ತಂದ ಮೇಲೆ ಶುರು ಮಾಡಿದರೆ ಅದು ಕೊರಿಯರ್‌ನಲ್ಲಿ ಮತ್ತೆ ಊರಿಗೆ ಹೋಗಬೇಕು. ಬರೀ ಅಪೋಸ್ಟಿಲ್ ಸ್ಟಿಕರ್ (ನಮ್ಮ ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ) ಅಂಟಿಸಿಕೊಂಡು ಬರುವವರೂ ಇದ್ದಾರೆ. ಒಮಾನ್‌ಗೆ, ಸೌದಿಗೆ ಅದು ನಡೆಯುತ್ತದೆ, ಯುಎಇಗೆ ಆಗುವುದಿಲ್ಲ. ಕಳೆದ ಸಲ ಒಬ್ಬ ಹುಡುಗನನ್ನು ಆರಿಸಿ ಆಗಿತ್ತು. ಅವನ ಡಿಗ್ರಿ ಬರುವವರೆಗೆ ಮ್ಯಾನೇಜರ್ ಕಾಯಲಿಲ್ಲ, ಎರಡನೆಯವನನ್ನು ತೆಗೆದುಕೊಂಡರು.

ಆಫರ್ ಲೆಟರ್ ಬಗ್ಗೆ. ಕಂಪನಿ ಲೆಟರ್‌ಹೆಡ್‌ನಲ್ಲಿ ಚಂದಕ್ಕೆ ಟೈಪ್ ಮಾಡಿದ್ದನ್ನು ನೋಡಿ ಊರಲ್ಲಿ ಕೆಲಸ ಬಿಡಬೇಡ. ಇಲ್ಲಿನ ಕಾರ್ಮಿಕ ಸಚಿವಾಲಯದ್ದೇ ನಮೂನೆಯ ಆಫರ್ ಬರಬೇಕು, ಅದಕ್ಕೆ ನೀನು ಸಹಿ ಹಾಕಬೇಕು. ಆಮೇಲಿನ ಕಾಂಟ್ರಾಕ್ಟ್ ಅದರಂತೆಯೇ ಇರಬೇಕು. ನಂಬರ್ ಹಾಕಿ ಸಚಿವಾಲಯದ ಸೈಟಿನಲ್ಲಿ ನೋಡಬಹುದು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಲ್ಲೂ ಕೊಡುತ್ತಾರೆ. ಕನ್ನಡ ಇನ್ನೂ ಇಲ್ಲ, ಇಂಗ್ಲಿಷಿನದ್ದನ್ನೇ ಸಾಲು ಸಾಲು ಓದು. ಫ್ರೀ ಜೋನ್ (ತನ್ನದೇ ನಿಯಮ, ಕಚೇರಿ ಇರುವ ವ್ಯಾಪಾರ ವಲಯ) ಕಂಪನಿಯಾದರೆ ಕಾಗದ ಆ ಜೋನ್‌ನ ಕಚೇರಿಯಿಂದ ಬರುತ್ತದೆ, ಅದು ಬೇರೆ ದಾರಿ. ಸೇರಿದ ಮೇಲೆ ಪಾಸ್‌ಪೋರ್ಟ್ ಆಫೀಸಿನಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡ, ಹಾಗೆ ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು, ಒಂದೇ ಮೇಲ್‌ನಲ್ಲಿ ನೂರು ಕಂಪನಿಯ ವಿಳಾಸ ಹಾಕಿ ಕಳಿಸುವ ಬುದ್ಧಿವಂತಿಕೆ. ಉಳಿದ ತೊಂಬತ್ತೊಂಬತ್ತು ವಿಳಾಸ ನನಗೂ ಕಾಣುತ್ತದಪ್ಪ. ತೆರೆಯುವುದೂ ಇಲ್ಲ.

ಬ್ರಹ್ಮಾವರದ ಬಿಕಾಂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇ-ಮೈಗ್ರೇಟ್‌ನಲ್ಲಿ ಹುಡುಕಿದೆ, ಆ ಕನ್ಸಲ್ಟೆನ್ಸಿಯ ಹೆಸರು ಇಲ್ಲ. ಫೋನ್ ಮಾಡಿ ಬಿಲ್ ಕೊಡ್ತೀರಾ ಅಂತ ಕೇಳಿದೆ. "ನಿನ್ನಂಥವರಿಗೆ ಗಲ್ಫ್ ಆಗಲ್ಲ" ಅಂದು ಇಟ್ಟುಬಿಟ್ಟರು. ಅಮ್ಮನಿಗೆ ಸಮಾಧಾನ ಆಯಿತು.

ಸಮಸ್ಯೆ ಇರುವುದು ಮಾವನದ್ದು. ಅವರು ಜೂನ್ ಟಿಕೆಟ್ ನೋಡುತ್ತಿದ್ದಾರೆ. ಬೇಡ ಅಂದರೆ "ನಾನು ಇಷ್ಟು ವರ್ಷ ಇಲ್ಲಿದ್ದೇನೆ, ಇಂಟರ್‌ನೆಟ್‌ನವರಿಗೆ ಜಾಸ್ತಿ ಗೊತ್ತಾ" ಅನ್ನುತ್ತಾರೆ. ಮನಸ್ತಾಪ ಮಾಡಿಕೊಳ್ಳಲು ಆಗುವುದಿಲ್ಲ, ನನ್ನ ಓದಿಗೆ ಸಹಾಯ ಮಾಡಿದವರು.

ದೇರಾ ಲೆಕ್ಕಿಗ:

ಮಾವನಿಗೆ ಬೇಡ ಅನ್ನಬೇಡ, ಅವರಿಗೆ ಒಂದು ಕೆಲಸ ಕೊಡು. ಅವರ ಕಂಪನಿಗೆ ಹೊರಗಿನ ಆಡಿಟರ್ ಬರುತ್ತಾರಲ್ಲ, ಅವರ ಕೈಗೆ ನಿನ್ನ ಸಿವಿ ಕೊಡಲು ಹೇಳು. ಯಾವ ಕಂಪನಿಯಲ್ಲಿ ಅಕೌಂಟೆಂಟ್ ಬಿಟ್ಟು ಹೋದ, ಯಾರ ಪುಸ್ತಕ ಆರು ತಿಂಗಳಿಂದ ಬರೆದಿಲ್ಲ, ಇದೆಲ್ಲ ಮೊದಲು ಗೊತ್ತಾಗುವುದು ಆಡಿಟ್ ಫರ್ಮ್‌ನವರಿಗೆ. ಪೇಪರಿಗೆ, ಜಾಬ್ ಸೈಟಿಗೆ ಬರುವುದು ಆಮೇಲೆ. ನಾವು ಕೊನೆಯ ಇಬ್ಬರನ್ನು ತೆಗೆದುಕೊಂಡದ್ದೂ ಆಡಿಟರ್ ಹೇಳಿದ ಮೇಲೆಯೇ. ಆ ಫರ್ಮ್‌ನವರಿಗೂ ರಿಟರ್ನ್ ಸಮಯದಲ್ಲಿ ಜೂನಿಯರ್ ಬೇಕಾಗುತ್ತದೆ, ನಿನ್ನ ಸಿಎ ಆಫೀಸ್ ಅನುಭವ ಅಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಮೊದಲ ಇಂಟರ್‌ವ್ಯೂ ಈಗ ವಿಡಿಯೋದಲ್ಲೇ ಮಾಡುತ್ತಾರೆ, ಊರಿನಿಂದಲೇ ಕೊಡು.

ಟಿಕೆಟ್ ಅಕ್ಟೋಬರ್‌ಗೆ ನೋಡಲಿ ಅನ್ನು. ಕಾರಣ ಕೇಳಿದರೆ ಅಟೆಸ್ಟೇಶನ್ ಮುಗಿದಿಲ್ಲ ಅನ್ನು, ಅದು ಸುಳ್ಳೂ ಅಲ್ಲ. ನಾಳೆಯೇ ಶುರು ಮಾಡು.

ಸಿವಿಯನ್ನು ಇಲ್ಲಿ ಹಾಕು, ಫೋನ್ ನಂಬರ್, ವಿಳಾಸ, ಆಫೀಸಿನ ಹೆಸರು ಅಳಿಸಿ. ನಮ್ಮದು ಈ ವಾರ ವ್ಯಾಟ್ ರಿಟರ್ನ್ ಇದೆ, ಶನಿವಾರ ಕೂತು ನೋಡುತ್ತೇನೆ.